ಅಡಿಕೆಯಲ್ಲಿ ಆಂಟಿಆಕ್ಸಿಡೆಂಟ್ ಇದೆ, ನಿಜ. ಹಾಗಾದರೆ ಕ್ಯಾನ್ಸರ್ ಮಾತು ಎಲ್ಲಿಂದ ಬಂತು?

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಐಎಆರ್‌ಸಿ 2024ರ ಅಕ್ಟೋಬರ್‌ನಲ್ಲಿ ಒಂದು ಲೆಕ್ಕ ಮುಂದಿಟ್ಟಿತು. 2022ರಲ್ಲಿ ಜಗತ್ತಿನಾದ್ಯಂತ ಪತ್ತೆಯಾದ ಸುಮಾರು 3,89,800 ಬಾಯಿ ಕ್ಯಾನ್ಸರ್ ಪ್ರಕರಣಗಳ ಪೈಕಿ 1,20,200ಕ್ಕೆ ಹೊಗೆರಹಿತ ತಂಬಾಕು ಮತ್ತು ಅಡಿಕೆ ಕಾರಣ. ಅದರಲ್ಲಿ ಭಾರತದ ಪಾಲೇ 83,400. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಅಡಿಕೆಯ ಕೊನೆ (ಗೊಂಚಲು) ಕೊಯ್ಲಿಗೆ ಜನ ಸಜ್ಜಾಗುವ ಹೊತ್ತಿಗೆ ಬಂದ ಸುದ್ದಿ ಇದು. ಇದಕ್ಕೆ ಮಲೆನಾಡಿನಲ್ಲಿ ಅತಿ ಹೆಚ್ಚು ಓಡಾಡುವ ಉತ್ತರವೂ ನಮಗೆ ಗೊತ್ತಿರುವಂಥದ್ದೇ: ಅಡಿಕೆಯಲ್ಲಿ ಪಾಲಿಫಿನಾಲ್ ಎಂಬ ಸಸ್ಯಜನ್ಯ ವಸ್ತು ಇದೆ, ಅದೇ ಗುಂಪಿನ ಕ್ಯಾಟೆಚಿನ್ ಇದೆ, ಗ್ರೀನ್ ಟೀಯಲ್ಲಿ ಇರುವುದೂ ಅದೇ ಜಾತಿಯ ವಸ್ತು. ಅದು ಆಂಟಿಆಕ್ಸಿಡೆಂಟ್, ಆಂಟಿಆಕ್ಸಿಡೆಂಟ್ ಕ್ಯಾನ್ಸರ್ ತಡೆಯುತ್ತದೆ. ಅಂದಮೇಲೆ ಅಡಿಕೆಯಿಂದ ಕ್ಯಾನ್ಸರ್ ಬರುವುದು ಹೇಗೆ?

ಪ್ರಶ್ನೆ ನ್ಯಾಯವಾದದ್ದೇ. ಅಡಿಕೆಯಲ್ಲಿ ಪಾಲಿಫಿನಾಲ್ ಇರುವುದು ನಿಜ. ಕ್ಯಾಟೆಚಿನ್ ಪ್ರಯೋಗಾಲಯದಲ್ಲಿ ಆಂಟಿಆಕ್ಸಿಡೆಂಟ್ ಆಗಿ ವರ್ತಿಸುವುದೂ ನಿಜ. ಎಡವಟ್ಟಾಗಿರುವುದು ಅಲ್ಲಿಂದ ಮುಂದಿನ ಹೆಜ್ಜೆಯಲ್ಲಿ. ಅದನ್ನು ಹಿಡಿಯಬೇಕಾದರೆ ಅಡಿಕೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ಈ ಆಂಟಿಆಕ್ಸಿಡೆಂಟ್ ಮೈಯೊಳಗೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ನೋಡಬೇಕು.

ಮೈಯೊಳಗಿನ ಬೆಂಕಿ

ನಾವು ಒಳಗೆಳೆದುಕೊಳ್ಳುವ ಆಮ್ಲಜನಕದ ಬಹುಪಾಲು ಜೀವಕೋಶಗಳ ಮೈಟೊಕಾಂಡ್ರಿಯಾದಲ್ಲಿ ಶಕ್ತಿ ಹುಟ್ಟಿಸಿ, ನೀರಾಗಿ ಮುಗಿಯುತ್ತದೆ. ಒಂದು ಸಣ್ಣ ಪಾಲು ಮಾತ್ರ ಅರ್ಧ ದಾರಿಯಲ್ಲಿ ಎಲೆಕ್ಟ್ರಾನ್ ಹಿಡಿದುಕೊಂಡು ಸೂಪರ್‌ಆಕ್ಸೈಡ್ ಆಗುತ್ತದೆ. ಅದರಿಂದ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಅಲ್ಲೇ ಬಿಡಿ ಕಬ್ಬಿಣವೋ ತಾಮ್ರವೋ ಇದ್ದರೆ ಪೆರಾಕ್ಸೈಡ್ ಒಡೆದು, ಒಂಟಿ ಎಲೆಕ್ಟ್ರಾನಿನಿಂದಾಗಿ ಅತಿ ಚುರುಕಾದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಬರುತ್ತದೆ. ಇದರ ಆಯುಸ್ಸು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ. ಅಷ್ಟರಲ್ಲೇ ಎದುರಿಗೆ ಸಿಕ್ಕಿದ್ದು ಕೊಬ್ಬಾಗಲಿ, ಪ್ರೋಟೀನಾಗಲಿ, ಡಿಎನ್‌ಎ ಆಗಲಿ, ಅದಕ್ಕೆ ಪೆಟ್ಟು ಕೊಟ್ಟಿರುತ್ತದೆ.

ದೇಹ ಇದಕ್ಕೆ ಸುಮ್ಮನೆ ಕೂತಿಲ್ಲ. ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್, ಕ್ಯಾಟಲೇಸ್, ಗ್ಲೂಟಾಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವಗಳು ಪ್ರತಿ ಕ್ಷಣ ಈ ಕಿಡಿಗಳನ್ನು ನಂದಿಸುತ್ತಿರುತ್ತವೆ. ಇವು ನಾವು ತಿಂದು ಪಡೆಯುವ ವಸ್ತುಗಳಲ್ಲ, ಜೀವಕೋಶ ತಾನೇ ಕಟ್ಟಿಕೊಳ್ಳುವಂಥವು. ಜೊತೆಗೆ ಆಹಾರದಿಂದ ಬರುವ ವಿಟಮಿನ್ ಸಿ, ವಿಟಮಿನ್ ಇ ಇವೆ. ಹೀಗೆ ಕಿಡಿ ನಂದಿಸುವ ವಸ್ತುವೇ ಆಂಟಿಆಕ್ಸಿಡೆಂಟ್. ಕಿಡಿ ಹುಟ್ಟುವ ವೇಗ ನಂದಿಸುವ ಶಕ್ತಿಯನ್ನು ಮೀರಿ, ಹಾನಿ ಉಳಿದುಕೊಳ್ಳತೊಡಗಿದಾಗ ಅದನ್ನು ಆಕ್ಸಿಡೇಟಿವ್ ಸ್ಟ್ರೆಸ್ ಎನ್ನುತ್ತಾರೆ. ಬೀಡಿ-ಸಿಗರೇಟು, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಮಾಗದ ಉರಿಯೂತ ಎಲ್ಲವೂ ಅತ್ತ ತಳ್ಳುತ್ತವೆ.

ಇಲ್ಲೊಂದು ಮಾತು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಈ ಕಿಡಿಗಳು ಪೂರಾ ಬೇಡದವು ಅಲ್ಲ. ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾ ಕೊಲ್ಲುವ ಕೆಲಸ ಶುರುವಾಗುವುದು ಹೆಚ್ಚಾಗಿ ಸೂಪರ್‌ಆಕ್ಸೈಡಿನಿಂದಲೇ. ದುಡಿದಾಗ ಸ್ನಾಯುವಿನಲ್ಲಿ ಹುಟ್ಟುವ ಪೆರಾಕ್ಸೈಡ್, ‘ಇನ್ನಷ್ಟು ರಕ್ಷಣೆ ಕಟ್ಟಿಕೋ’ ಎಂದು ಜೀವಕೋಶಕ್ಕೆ ಕೊಡುವ ಸೂಚನೆ. 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ನಾಲ್ಕು ವಾರ ವ್ಯಾಯಾಮ ಮಾಡಿದವರಿಗೆ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತೊಡಗಿತು. ಅದೇ ವ್ಯಾಯಾಮದ ಜೊತೆ ದಿನಕ್ಕೆ 1000 ಮಿಲಿಗ್ರಾಂ ವಿಟಮಿನ್ ಸಿ, 400 ಯೂನಿಟ್ ವಿಟಮಿನ್ ಇ ನುಂಗಿದವರಿಗೆ ಆ ಲಾಭ ಸಿಗಲಿಲ್ಲ. ಕಿಡಿಯನ್ನು ಪೂರ್ತಿ ಆರಿಸಿದ್ದರಿಂದ ಸೂಚನೆಯೂ ಆರಿಹೋಯಿತು.

ಅಂಕ ಕೊಟ್ಟವರೇ ಅಂಕಪಟ್ಟಿ ಹರಿದರು

‘ಇದರಲ್ಲಿ ಆಂಟಿಆಕ್ಸಿಡೆಂಟ್ ಹೆಚ್ಚು’ ಎಂದು ಯಾವುದೇ ಪೊಟ್ಟಣದ ಮೇಲೆ ಬರೆದಿದ್ದರೆ, ಅದರ ಹಿಂದೆ ಸಾಮಾನ್ಯವಾಗಿ ಒಂದು ಟೆಸ್ಟ್ ಟ್ಯೂಬ್ ಇರುತ್ತದೆ. ಆಹಾರದ ರಸ ತೆಗೆದು, ಅದಕ್ಕೆ ಬಣ್ಣದ ರ‍್ಯಾಡಿಕಲ್ ಬೆರೆಸಿ, ಬಣ್ಣ ಎಷ್ಟು ಬೇಗ ಮಾಸುತ್ತದೆ ಎಂದು ಅಳೆಯುತ್ತಾರೆ. ಇಂಥದೇ ಒಂದು ಅಳತೆಯಾದ ಒರಾಕ್ ಅಂಕಗಳ ದೊಡ್ಡ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ ಜಾಲತಾಣದಲ್ಲಿ ಇಟ್ಟಿತ್ತು. 2012ರಲ್ಲಿ ಅದೇ ಇಲಾಖೆ ಪಟ್ಟಿಯನ್ನು ಹಿಂದಕ್ಕೆ ತೆಗೆದುಕೊಂಡಿತು. ಟ್ಯೂಬಿನ ಅಂಕಕ್ಕೂ ಮನುಷ್ಯನ ಆರೋಗ್ಯಕ್ಕೂ ಸಂಬಂಧ ಸಾಬೀತಾಗಿಲ್ಲ, ಕಂಪನಿಗಳು ಮಾತ್ರ ಅದನ್ನು ಜಾಹೀರಾತಿಗೆ ಬಳಸುತ್ತಿವೆ ಎಂಬುದು ಅದು ಕೊಟ್ಟ ಕಾರಣ.

ಸಂಬಂಧ ಯಾಕೆ ಕೂಡಿಬರುವುದಿಲ್ಲ? ಪಾಲಿಫಿನಾಲ್‌ಗಳು ಕರುಳಿನಿಂದ ರಕ್ತಕ್ಕೆ ಬಹಳ ಕಡಿಮೆ ಪ್ರಮಾಣದಲ್ಲಿ ಇಳಿಯುತ್ತವೆ. ಇಳಿದದ್ದನ್ನು ಪಿತ್ತಜನಕಾಂಗ ಪರಕೀಯ ವಸ್ತುವೆಂದು ತಿಳಿದು, ಬೇರೆ ರೂಪಕ್ಕೆ ಬದಲಿಸಿ, ಕೆಲವೇ ಗಂಟೆಗಳಲ್ಲಿ ಮೂತ್ರಕ್ಕೆ ಕಳಿಸುತ್ತದೆ. ರಕ್ತದಲ್ಲಿ ಅವುಗಳ ಪ್ರಮಾಣ ದೇಹದ್ದೇ ಆದ ಗ್ಲೂಟಾಥಯೋನ್, ಯೂರಿಕ್ ಆಮ್ಲಗಳ ಮುಂದೆ ಲೆಕ್ಕಕ್ಕೇ ಬರುವುದಿಲ್ಲ. ಟ್ಯೂಬಿನಲ್ಲಿ ರ‍್ಯಾಡಿಕಲ್ಲನ್ನು ನೇರವಾಗಿ ಹಿಡಿದು ನಂದಿಸಿದ ಹಾಗೆ ರಕ್ತದಲ್ಲೂ ನಂದಿಸುವಷ್ಟು ಸರಕು ಅಲ್ಲಿಗೆ ತಲುಪಿರುವುದೇ ಇಲ್ಲ.

ಮಾತ್ರೆ ಮಾಡಿ ಕೊಟ್ಟಾಗ

ಹಣ್ಣು-ತರಕಾರಿ ಹೆಚ್ಚು ತಿನ್ನುವವರಲ್ಲಿ ಹೃದ್ರೋಗ, ಕೆಲವು ಕ್ಯಾನ್ಸರ್ ಕಡಿಮೆ ಎಂಬುದು ಬಹಳ ಹಿಂದಿನಿಂದ ಕಂಡುಬಂದಿತ್ತು. ಹಾಗಾದರೆ ಅವುಗಳಲ್ಲಿರುವ ಆಂಟಿಆಕ್ಸಿಡೆಂಟನ್ನೇ ತೆಗೆದು ಮಾತ್ರೆ ಮಾಡಿ ಕೊಟ್ಟರೆ? 1980–90ರ ದಶಕಗಳಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲೇ ಪರೀಕ್ಷಿಸಿದರು.

ಫಿನ್ಲೆಂಡಿನಲ್ಲಿ ಧೂಮಪಾನ ಮಾಡುವ 29,133 ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂತು. ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇ 18ರಷ್ಟು ಹೆಚ್ಚಾಗಿತ್ತು. ಕೈತಪ್ಪಿ ಬಂದ ಫಲಿತಾಂಶ ಇರಬಹುದು ಎಂದು ಕೆಲವರು ಅಂದುಕೊಂಡರು. ಅಷ್ಟರಲ್ಲಿ ಅಮೆರಿಕದಲ್ಲಿ ಧೂಮಪಾನಿಗಳು ಹಾಗೂ ಆಸ್ಬೆಸ್ಟಾಸ್ ಕಾರ್ಮಿಕರು ಸೇರಿ 18,314 ಜನರ ಮೇಲೆ ನಡೆಯುತ್ತಿದ್ದ ‘ಕ್ಯಾರೆಟ್’ ಎಂಬ ಹೆಸರಿನ ಪ್ರಯೋಗದಲ್ಲೂ ಶೇ 28ರಷ್ಟು ಹೆಚ್ಚಳ ಕಂಡು, ಅದನ್ನು ಅವಧಿಗೆ 21 ತಿಂಗಳು ಮೊದಲೇ ನಿಲ್ಲಿಸಬೇಕಾಯಿತು. ವಿಟಮಿನ್ ಇ ಪ್ರಾಸ್ಟೇಟ್ ಕ್ಯಾನ್ಸರ್ ತಡೆಯುತ್ತದೆಯೇ ಎಂದು 35,533 ಗಂಡಸರ ಮೇಲೆ ನೋಡಿದ ‘ಸೆಲೆಕ್ಟ್’ ಪ್ರಯೋಗ 2011ರಲ್ಲಿ ಹೇಳಿದ್ದು: ದಿನಕ್ಕೆ 400 ಯೂನಿಟ್ ತೆಗೆದುಕೊಂಡವರಲ್ಲಿ ಅದೇ ಕ್ಯಾನ್ಸರ್ ಶೇ 17ರಷ್ಟು ಜಾಸ್ತಿ.

ಯಾಕೆ ಹೀಗಾಯಿತು ಎಂಬುದಕ್ಕೆ ಕೊಡುವ ವಿವರಣೆಗಳಲ್ಲಿ ನಮ್ಮ ವಿಷಯಕ್ಕೆ ಬೇಕಾದದ್ದು ಒಂದಿದೆ. ಎಲೆಕ್ಟ್ರಾನ್ ಕೊಟ್ಟು ರ‍್ಯಾಡಿಕಲ್ಲನ್ನು ಸುಮ್ಮನಾಗಿಸುವ ಅಣು, ಕೊಟ್ಟ ಮೇಲೆ ತಾನೇ ಅಸ್ಥಿರವಾಗುತ್ತದೆ. ಸುತ್ತಲಿನ ಪರಿಸ್ಥಿತಿ ಸರಿಯಿದ್ದರೆ ಬೇರೊಂದು ಅಣು ಅದನ್ನು ಸರಿಪಡಿಸುತ್ತದೆ. ಸಿಗರೇಟು ಹೊಗೆ ತುಂಬಿದ ಶ್ವಾಸಕೋಶದಂಥ ಜಾಗದಲ್ಲಿ ಸರಿಪಡಿಸುವವರಿಲ್ಲ. ಆಗ ಆಂಟಿಆಕ್ಸಿಡೆಂಟೇ ಹಾನಿಯ ಸರಪಳಿಯಲ್ಲಿ ಇನ್ನೊಂದು ಕೊಂಡಿಯಾಗುತ್ತದೆ. ಇದಕ್ಕೆ ಪ್ರೊ-ಆಕ್ಸಿಡೆಂಟ್ ವರ್ತನೆ ಎನ್ನುತ್ತಾರೆ. ಅಣು ಒಂದೇ. ಎಷ್ಟು ಪ್ರಮಾಣ, ಎಂಥ ಆಮ್ಲ-ಕ್ಷಾರ ಸ್ಥಿತಿ, ಪಕ್ಕದಲ್ಲಿ ಯಾವ ಲೋಹ ಎಂಬುದರ ಮೇಲೆ ಅದರ ನಡತೆ ಬದಲಾಗುತ್ತದೆ.

ಮುರುಗಲು, ನೆಲ್ಲಿ, ಒಂದೆಲಗ

ಹಾಗೆಂದು ಮಲೆನಾಡಿನ ಊಟದ ಎಲೆಯಲ್ಲಿ ಇರುವುದಕ್ಕೆಲ್ಲ ಬೆಲೆ ಇಲ್ಲ ಎಂದಾಗುವುದಿಲ್ಲ. ಬೆಟ್ಟದ ನೆಲ್ಲಿಯಲ್ಲಿ ವಿಟಮಿನ್ ಸಿ ಕಿತ್ತಳೆಗಿಂತ ಹಲವು ಪಟ್ಟು ಇದೆ. ಮುರುಗಲಿನ ಸಿಪ್ಪೆಯ ಕೆಂಪು ಆಂಥೊಸಯನಿನ್‌ಗಳದ್ದು, ಜೊತೆಗೆ ಗಾರ್ಸಿನಾಲ್ ಎಂಬ ಇನ್ನೊಂದು ಪಾಲಿಫಿನಾಲ್ ಇದೆ. ಒಂದೆಲಗದ ತಂಬುಳಿ, ಕೆಸುವಿನ ಪತ್ರೊಡೆ, ದೊಡ್ಡಪತ್ರೆ ಚಟ್ನಿ, ನೇರಳೆ ಹಣ್ಣು ಎಲ್ಲದರಲ್ಲೂ ಇಂಥವು ಇವೆ.

ಇವು ಉಪಕಾರ ಮಾಡುವ ದಾರಿ ಮಾತ್ರ ನಾವು ಅಂದುಕೊಂಡದ್ದಲ್ಲ. ಸಸ್ಯಗಳ ಪಾಲಿಫಿನಾಲ್ ಅಲ್ಪ ಪ್ರಮಾಣದಲ್ಲಿ ಜೀವಕೋಶಕ್ಕೆ ಒಂದು ಸಣ್ಣ ಕಿರಿಕಿರಿ. ಆ ಕಿರಿಕಿರಿಗೆ ಎನ್‌ಆರ್‌ಎಫ್2 ಎಂಬ ಪ್ರೋಟೀನ್ ಎಚ್ಚೆತ್ತು, ಗ್ಲೂಟಾಥಯೋನ್ ಮತ್ತಿತರ ಸ್ವಂತ ರಕ್ಷಣೆಯ ತಯಾರಿ ಹೆಚ್ಚಿಸುತ್ತದೆ. ದೊಡ್ಡ ಕರುಳಿಗೆ ಇಳಿದ ಪಾಲು ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಅದರ ಮೇಲೆ ನಾರು, ಪೊಟ್ಯಾಸಿಯಂ. ತಂಬುಳಿ ಉಂಡವರು ಅಷ್ಟರ ಮಟ್ಟಿಗೆ ಬೇರೆ ಕರಿದದ್ದನ್ನು ಉಣ್ಣದೆ ಇರುವುದು ಕೂಡ ಲೆಕ್ಕಕ್ಕೆ ಸೇರಬೇಕು. ಹಣ್ಣು-ತರಕಾರಿಯ ಲಾಭ ಈ ಎಲ್ಲದರ ಮೊತ್ತ. ಒಂದೇ ಅಣುವಿನ ಹೆಸರಿಗೆ ಅಷ್ಟನ್ನೂ ಜಮಾ ಮಾಡಲು ಹೋದಾಗಲೇ ಮಾತ್ರೆಗಳ ಪ್ರಯೋಗ ಸೋತದ್ದು.

ಅರಿಶಿನದ ವಿಷಯದಲ್ಲೂ ಇದೇ ಎಚ್ಚರ ಬೇಕು. ಅದರ ಹಳದಿ ವಸ್ತು ಕರ್ಕ್ಯುಮಿನ್ ರಕ್ತಕ್ಕೆ ಇಳಿಯುವುದೇ ಕಷ್ಟ. ಕಾಳುಮೆಣಸಿನ ಪೈಪರಿನ್ ಜೊತೆಗಿದ್ದರೆ ಇಳಿಯುವ ಪ್ರಮಾಣ ಇಪ್ಪತ್ತು ಪಟ್ಟು ಏರುತ್ತದೆ ಎಂದು 1998ರಲ್ಲಿ ತೋರಿಸಿದವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು. ಸಾರಿಗೆ ಎರಡನ್ನೂ ಹಾಕುವ ಅಡುಗೆಮನೆಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಆದರೆ ಇದೇ ಸೂತ್ರ ಹಿಡಿದು ಗಟ್ಟಿ ಪ್ರಮಾಣದಲ್ಲಿ ಮಾಡಿದ ಅರಿಶಿನ-ಪೈಪರಿನ್ ಮಾತ್ರೆಗಳಿಂದ ಪಿತ್ತಜನಕಾಂಗಕ್ಕೆ ಪೆಟ್ಟಾದ ಪ್ರಕರಣಗಳು ಅಮೆರಿಕದಲ್ಲಿ ದಾಖಲಾಗಿವೆ.

ಸುಣ್ಣ ಸೇರಿದ ಮೇಲೆ

ಈಗ ಅಡಿಕೆಗೆ ಬರಬಹುದು. ಮಲೆನಾಡಿನ ಕೆಂಪಡಿಕೆ ಎಳೆಯದರಲ್ಲೇ ಕೊಯ್ದು, ಸುಲಿದು, ಬೇಯಿಸಿ ಒಣಗಿಸಿದ್ದು. ಕರಾವಳಿಯ ಚಾಲಿ ಹಣ್ಣಾದ ಮೇಲೆ ಸಿಪ್ಪೆ ಸಮೇತ ಒಣಗಿಸಿ ಸುಲಿದದ್ದು. ಅಡಿಕೆ ಬಲಿತಂತೆ ಅದರ ಟ್ಯಾನಿನ್, ಅಂದರೆ ಒಗರು ಕೊಡುವ ಪಾಲಿಫಿನಾಲ್, ಕಡಿಮೆಯಾಗುತ್ತದೆ. ಹಾಗಾಗಿ ಎಳೆ ಅಡಿಕೆಯಲ್ಲೇ ಪಾಲಿಫಿನಾಲ್ ಹೆಚ್ಚು. ಬೇಯಿಸಿದ ಹಂಡೆಯಲ್ಲಿ ಉಳಿಯುವ ಕೆಂಪು ಚೊಗರು ಆ ಟ್ಯಾನಿನ್ನೇ. ಆಂಟಿಆಕ್ಸಿಡೆಂಟ್ ಅಂಕ ಅಳೆದರೆ ಚೊಗರಿಗೆ ಒಳ್ಳೆಯ ಅಂಕ ಬರುವುದರಲ್ಲಿ ಆಶ್ಚರ್ಯ ಏನಿಲ್ಲ.

ಆದರೆ ಅಡಿಕೆಯನ್ನು ಯಾರೂ ಟೆಸ್ಟ್ ಟ್ಯೂಬಿನಲ್ಲಿ ಹಾಕಿ ಜಗಿಯುವುದಿಲ್ಲ. ಕವಳದಲ್ಲಿ, ಅಂದರೆ ಎಲೆಅಡಿಕೆಯಲ್ಲಿ, ಅದರ ಜೊತೆ ಸುಣ್ಣ ಇರುತ್ತದೆ. ಸುಣ್ಣ ಗಟ್ಟಿ ಕ್ಷಾರ. ಕ್ಷಾರದಲ್ಲಿ ಕ್ಯಾಟೆಚಿನ್ ಜಾತಿಯ ಪಾಲಿಫಿನಾಲ್‌ಗಳು ಎಲೆಕ್ಟ್ರಾನನ್ನು ಸೀದಾ ಗಾಳಿಯ ಆಮ್ಲಜನಕಕ್ಕೆ ಕೊಟ್ಟುಬಿಡುತ್ತವೆ. ಅದೇ ಸೂಪರ್‌ಆಕ್ಸೈಡ್; ಅಲ್ಲಿಂದ ಮುಂದಕ್ಕೆ ಪೆರಾಕ್ಸೈಡ್. ಎಲೆಅಡಿಕೆಗೆ ಸುಣ್ಣ ತಾಗಿದ ಕೂಡಲೇ ಬಾಯಿ ಕೆಂಪಾಗುತ್ತದಲ್ಲ, ಆ ಕೆಂಪೇ ಪಾಲಿಫಿನಾಲ್ ಆಕ್ಸಿಡೀಕರಣಗೊಂಡ ಗುರುತು. ಬರೀ ಅಡಿಕೆ ಜಗಿದರೆ ಅಷ್ಟು ಕೆಂಪು ಬಾರದಿರುವುದೂ ಇದಕ್ಕೇ.

1980ರ ದಶಕದಲ್ಲೇ ಇದನ್ನು ಪ್ರಯೋಗಾಲಯದಲ್ಲಿ ಅಳೆದು ನೋಡಿದ್ದರು. ಅಡಿಕೆಯ ರಸ ಮತ್ತು ಕಾಚಿನ ರಸ ಎರಡೂ, ಕ್ಷಾರದ ಮಟ್ಟ ಪಿಎಚ್ 9.5 ದಾಟಿದ ಮೇಲೆ ಸೂಪರ್‌ಆಕ್ಸೈಡ್ ಮತ್ತು ಪೆರಾಕ್ಸೈಡ್ ಹುಟ್ಟಿಸಿದವು. ಕಬ್ಬಿಣದ ಅಂಶ ಸೇರಿಸಿದರೆ ಡಿಎನ್‌ಎಗೂ ಹಾನಿ ತಟ್ಟಿತು. ಜೊಲ್ಲು ಈ ಕ್ರಿಯೆಯನ್ನು ಒಂದಿಷ್ಟು ತಡೆಯುತ್ತದೆ ಎಂಬುದೂ ಆಗಲೇ ಕಂಡಿತ್ತು. ಹಾಗಾದರೆ ನಿಜವಾದ ಬಾಯಿಯಲ್ಲಿ ಏನಾಗುತ್ತದೆ? ಇದಕ್ಕೆ ಉತ್ತರ ಹುಡುಕಲು 1990ರ ದಶಕದಲ್ಲಿ ಬಳಸಿದ ಉಪಾಯ ಜಾಣತನದ್ದು. ಜಗಿಯುವ ಮಿಶ್ರಣಕ್ಕೆ ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲ ಬೆರೆಸಿದರು. ಹೈಡ್ರಾಕ್ಸಿಲ್ ರ‍್ಯಾಡಿಕಲ್ ತಾಗಿದರೆ ಮಾತ್ರ ಅದರಿಂದ ದೇಹದ ಕಿಣ್ವಗಳು ಮಾಡದಂಥ ವಿಶೇಷ ಟೈರೊಸಿನ್‌ಗಳು ಹುಟ್ಟುತ್ತವೆ. ಅಡಿಕೆ-ಸುಣ್ಣ ಜಗಿದವರ ಜೊಲ್ಲಿನಲ್ಲಿ ಅವು ಸಿಕ್ಕವು. ಅತಿ ಕ್ರೂರವಾದ ಆ ರ‍್ಯಾಡಿಕಲ್ ಜಗಿಯುವವರ ಬಾಯಲ್ಲೇ ಹುಟ್ಟುತ್ತಿದೆ ಎಂಬುದಕ್ಕೆ ಅದು ಸಾಕ್ಷಿ.

ಗ್ರೀನ್ ಟೀ ಹೋಲಿಕೆ ಬೀಳುವುದು ಇಲ್ಲಿಯೇ. ಚಹಾ ಕ್ಷಾರವಲ್ಲ, ತುಸು ಆಮ್ಲೀಯ. ಬಾಯಲ್ಲಿ ಕ್ಷಣ ಹೊತ್ತು ಇದ್ದು, ಆಮ್ಲ ತುಂಬಿದ ಹೊಟ್ಟೆಗೆ ಇಳಿದುಹೋಗುತ್ತದೆ. ಕವಳ ದವಡೆಯ ಒಂದೇ ಬದಿಯಲ್ಲಿ, ಒಂದೇ ಚರ್ಮಕ್ಕೆ ತಾಗಿಕೊಂಡು, ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಕೂರುತ್ತದೆ. ರಕ್ತಕ್ಕೆ ಇಳಿಯುವ ಪಾಲಿಫಿನಾಲ್ ಅತ್ಯಲ್ಪ ಎಂದೆವು. ಕೆನ್ನೆಯ ಒಳಚರ್ಮಕ್ಕೆ ಆ ಅದೃಷ್ಟವಿಲ್ಲ, ಅದಕ್ಕೆ ತಟ್ಟುವುದು ಗಟ್ಟಿ ರಸವೇ.

ಬಿಗಿಯುವ ಕೆನ್ನೆ

ಆಕ್ಸಿಡೇಟಿವ್ ಸ್ಟ್ರೆಸ್ ಕತೆಯ ಒಂದು ಭಾಗ ಮಾತ್ರ. ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಕಾಯಿಲೆಯಲ್ಲಿ ಕೆನ್ನೆಯ ಒಳಗೆ ನಾರು ಕಟ್ಟಿ, ಖಾರ ಮುಟ್ಟಿದರೆ ಉರಿ ಶುರುವಾಗಿ, ಕ್ರಮೇಣ ಎರಡು ಬೆರಳು ಹೋಗುವಷ್ಟೂ ಬಾಯಿ ತೆರೆಯಲಾಗದಂತೆ ಆಗುತ್ತದೆ. ಇದಕ್ಕೆ ಮುಖ್ಯ ಕಾರಣ ತಂಬಾಕಿಗಿಂತ ಅಡಿಕೆ ಎಂಬುದರಲ್ಲಿ ವೈದ್ಯರಿಗೆ ಹೆಚ್ಚು ಭಿನ್ನಾಭಿಪ್ರಾಯವಿಲ್ಲ. ಇದು ಬಂದವರಲ್ಲಿ ಒಂದು ಪಾಲು ಜನರಿಗೆ ಮುಂದೆ ಕ್ಯಾನ್ಸರ್ ಆಗುತ್ತದೆ.

ನಾರು ಕಟ್ಟುವುದರಲ್ಲಿ ಅಡಿಕೆಯ ಮೂರು ಅಂಶಗಳು ಕೈಜೋಡಿಸುತ್ತವೆ. ಅರೆಕೊಲಿನ್ ಎಂಬ ಅಲ್ಕಲಾಯ್ಡ್ (ಸಸ್ಯದ ಸಾರಜನಕಯುಕ್ತ ರಾಸಾಯನಿಕ), ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನ್ ನೇಯುವ ಜೀವಕೋಶಗಳನ್ನು ಚುರುಕುಗೊಳಿಸುತ್ತದೆ. ಅಡಿಕೆಯಲ್ಲಿ ತುಸು ಹೆಚ್ಚಾಗೇ ಇರುವ ತಾಮ್ರ, ಕೊಲಾಜೆನ್ ಎಳೆಗಳನ್ನು ಒಂದಕ್ಕೊಂದು ಹೆಣೆಯುವ ಕಿಣ್ವಕ್ಕೆ ಬಲ ಕೊಡುತ್ತದೆ. ಮೂರನೆಯದು, ನಮ್ಮ ‘ಒಳ್ಳೆಯ’ ಪಾಲಿಫಿನಾಲ್: ಕ್ಯಾಟೆಚಿನ್ ಮತ್ತು ಟ್ಯಾನಿನ್‌ಗಳು ಕಟ್ಟಿದ ಕೊಲಾಜೆನ್ ಕರಗದಂತೆ ಗಟ್ಟಿ ಮಾಡುತ್ತವೆ. ಚರ್ಮ ಹದ ಮಾಡುವವರು ಶತಮಾನಗಳಿಂದ ಟ್ಯಾನಿನ್ ಬಳಸುತ್ತಿರುವುದೂ ಇದೇ ಗುಣಕ್ಕೆ. ಅಡಿಕೆಯ ಪರವಾಗಿ ಸಾಕ್ಷಿ ಹೇಳಲು ಕರೆಸಿದ ಅಣುವೇ ಇಲ್ಲಿ ಎದುರು ಪಕ್ಷದಲ್ಲೂ ನಿಂತಿದೆ.

ವರ್ಗೀಕರಣದ ಗೊಂದಲ

1985ರಲ್ಲಿ ಐಎಆರ್‌ಸಿ ತಂಬಾಕು ಸೇರಿದ ವೀಳ್ಯವನ್ನಷ್ಟೇ ಕ್ಯಾನ್ಸರ್‌ಕಾರಕ ಎಂದಿತ್ತು. ತಂಬಾಕಿಲ್ಲದ್ದರ ಬಗ್ಗೆ ಆಗ ಸಾಕಷ್ಟು ಪುರಾವೆ ಇರಲಿಲ್ಲ. 2003ರಲ್ಲಿ ಸೇರಿದ ತಜ್ಞರ ಸಭೆ ತಂಬಾಕಿಲ್ಲದ ವೀಳ್ಯ ಮತ್ತು ಅಡಿಕೆ ಎರಡನ್ನೂ ಗುಂಪು 1ಕ್ಕೆ, ಅಂದರೆ ‘ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕ’ ಎಂಬ ಗುಂಪಿಗೆ ಸೇರಿಸಿತು, ವರದಿ 2004ರಲ್ಲಿ ಪ್ರಕಟವಾಯಿತು. ಆಮೇಲೆ ಅರೆಕೊಲಿನ್ ಅನ್ನು ಪ್ರತ್ಯೇಕವಾಗಿ ಪರಿಶೀಲಿಸಿ 2ಬಿ, ಅಂದರೆ ‘ಕ್ಯಾನ್ಸರ್‌ಕಾರಕ ಇರಬಹುದು’ ಎಂಬ ಗುಂಪಿಗೆ ಹಾಕಿದರು. ಇದನ್ನೇ ಹಿಡಿದು ‘ಅಡಿಕೆಯನ್ನು 2ಬಿಗೆ ಇಳಿಸಿದ್ದಾರೆ’ ಎಂಬ ಸಂದೇಶ ಹರಿದಾಡುತ್ತದೆ. ಇಳಿಸಿಲ್ಲ. 2ಬಿ ಎಂದದ್ದು ಅಡಿಕೆಯೊಳಗಿನ ಒಂದು ರಾಸಾಯನಿಕಕ್ಕೆ. ಅಡಿಕೆ ಗುಂಪು 1ರಲ್ಲೇ ಇದೆ.

2016ರಲ್ಲಿ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದಿಂದ ಬಂದ ಸುದ್ದಿಗೂ ಇದೇ ಗತಿಯಾಯಿತು. ಅರೆಕೊಲಿನ್ ಹೈಡ್ರೋಬ್ರೋಮೈಡ್ ಎಂಬ ಲವಣ, ಗೆಡ್ಡೆಗಳ ಬೆಳವಣಿಗೆಗೆ ಬೇಕಾದ ಒಂದು ಕಿಣ್ವವನ್ನು ತಡೆಯುತ್ತದೆ ಎಂದು ಅಲ್ಲಿನವರು ಜೀವಕೋಶ ಹಾಗೂ ಇಲಿಗಳಲ್ಲಿ ತೋರಿಸಿದರು. ಅಡಿಕೆ ಜಗಿಯುವ ಮನುಷ್ಯರ ಮೇಲೆ ನಡೆದ ಅಧ್ಯಯನ ಅದಲ್ಲ. ಕ್ಯಾನ್ಸರ್ ಔಷಧಗಳಲ್ಲಿ ಎಷ್ಟೋ ಶುದ್ಧ ವಿಷಗಳೇ.

ಬೆಳೆಗಾರರ ವಾದದಲ್ಲಿ ಗಟ್ಟಿ ಯಾವುದು

ಗುಂಪು 1 ಎಂಬುದು ಪುರಾವೆ ಎಷ್ಟು ಗಟ್ಟಿ ಎಂಬುದರ ಅಳತೆ; ಅಪಾಯ ಎಷ್ಟು ದೊಡ್ಡದು ಎಂಬುದರದ್ದಲ್ಲ. ಬಿಸಿಲು, ಮದ್ಯ, ಸಂಸ್ಕರಿಸಿದ ಮಾಂಸ ಕೂಡ ಅದೇ ಗುಂಪಿನಲ್ಲಿವೆ. ಬೆಳೆಗಾರರು ಇದನ್ನು ಎತ್ತಿದಾಗ ಅದು ಸರಿಯಾದ ಮಾತು. ಊಟದ ಮೇಲೆ ಒಂದು ಕವಳ ಹಾಕುವವರನ್ನೂ, ಬೆಳಗಿನಿಂದ ರಾತ್ರಿಯವರೆಗೆ ಪಾನ್ ಮಸಾಲ ಪೊಟ್ಟಣ ಹರಿಯುವವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬುದೂ ಸರಿ. ದಿನಕ್ಕೆ ಎಷ್ಟು ಸಲ, ಎಷ್ಟು ವರ್ಷ ಎಂಬುದಕ್ಕೆ ತಕ್ಕಂತೆ ಅಪಾಯ ಏರುತ್ತದೆ. ಪಾನ್ ಮಸಾಲ, ಗುಟ್ಕಾ ಬಳಸುವವರಲ್ಲಿ ಬಾಯಿ ಬಿಗಿಯುವ ಕಾಯಿಲೆ ವೀಳ್ಯ ಜಗಿಯುವವರಿಗಿಂತ ಬಹಳ ಬೇಗ ಕಾಣಿಸಿಕೊಳ್ಳುತ್ತದೆ ಎಂದು ಭಾರತದ ಅಧ್ಯಯನಗಳೇ ಹೇಳಿವೆ. ಅಲ್ಲಿ ಹಸಿರೆಲೆ ಇರುವುದಿಲ್ಲ, ಇರುವುದು ಒಣ ಅಡಿಕೆ ಮತ್ತು ಕಾಚು.

ಜೊಳ್ಳಿರುವುದು ‘ಎಲ್ಲ ತಂಬಾಕಿನದ್ದೇ ಕರಾಮತ್ತು’ ಎಂಬಲ್ಲಿ. ಭಾರತದ ಮಟ್ಟಿಗೆ ಈ ಅನುಮಾನ ಸಹಜ, ಇಲ್ಲಿ ಅಡಿಕೆಯ ಜೊತೆ ಸಾಮಾನ್ಯವಾಗಿ ಹೊಗೆಸೊಪ್ಪು ಸೇರಿರುತ್ತದೆ. ಆದರೆ ತೈವಾನಿನಲ್ಲಿ ಜಗಿಯುವ ಅಡಿಕೆಗೆ ತಂಬಾಕು ಹಾಕುವ ಪದ್ಧತಿ ಇಲ್ಲ. ಎಳೆ ಅಡಿಕೆ, ಸುಣ್ಣ, ವೀಳ್ಯದೆಲೆ ಇಲ್ಲವೇ ಅದರ ಹೂಗೊಂಚಲು, ಅಷ್ಟೇ. ಅಲ್ಲಿ ಸಿಗರೇಟು ಸೇದದೆ ಬರೀ ಅಡಿಕೆ ಜಗಿಯುವವರಲ್ಲೂ ಬಾಯಿ ಕ್ಯಾನ್ಸರ್ ಹೆಚ್ಚು ಕಂಡಿದೆ. 2003ರ ತೀರ್ಮಾನಕ್ಕೆ ಬಲ ಬಂದದ್ದು ಬಹುಪಾಲು ಅಂಥ ಪುರಾವೆಯಿಂದ. ‘ನಮ್ಮ ಅಜ್ಜ ತೊಂಬತ್ತರವರೆಗೂ ಕವಳ ಹಾಕಿದರು’ ಎಂಬುದನ್ನು ಸುಳ್ಳೆನ್ನಬೇಕಿಲ್ಲ. ಬಹುಪಾಲು ಧೂಮಪಾನಿಗಳಿಗೂ ಶ್ವಾಸಕೋಶದ ಕ್ಯಾನ್ಸರ್ ಬರುವುದಿಲ್ಲ.

ಬೆಳೆಗಾರರ ಈ ಎಲ್ಲ ವಾದಗಳಲ್ಲಿ ಆಂಟಿಆಕ್ಸಿಡೆಂಟ್ ವಾದ ಅತಿ ದುರ್ಬಲವಾದದ್ದು. ಪ್ರಮಾಣದ ವಾದವನ್ನು, ಪಾನ್ ಮಸಾಲ ಬೇರೆ ಕವಳ ಬೇರೆ ಎಂಬ ವಾದವನ್ನು ಅಂಕಿ-ಅಂಶದ ಮೇಲೆ ಕಟ್ಟಬಹುದು. ಆಂಟಿಆಕ್ಸಿಡೆಂಟ್ ಎಂದು ಹಿಡಿದುಕೊಂಡರೆ ಎದುರಿನವರು ಸುಣ್ಣದ ರಸಾಯನವನ್ನು ಮುಂದಿಟ್ಟ ಕೂಡಲೇ ಅದು ತಿರುಗಿ ನಮ್ಮ ಮೇಲೇ ಬೀಳುತ್ತದೆ.

ಮುಂದೇನಾಗಬಹುದು

ಅಡಿಕೆ ಮತ್ತು ಆರೋಗ್ಯದ ಕುರಿತು ಪುರಾವೆ ಕಲೆಹಾಕಲು ಕೇಂದ್ರ ಸರ್ಕಾರ ಸುಮಾರು 10 ಕೋಟಿ ರೂಪಾಯಿಯ ಅಧ್ಯಯನಕ್ಕೆ ಒಪ್ಪಿಗೆ ಕೊಟ್ಟಿದೆ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಅದರ ಮುಂಚೂಣಿಯಲ್ಲಿದೆ. ಫಲಿತಾಂಶ ಬಂದ ಮಾತ್ರಕ್ಕೆ ಐಎಆರ್‌ಸಿ ಪಟ್ಟಿ ಬದಲಾಗುತ್ತದೆ ಎಂದು ಅಡಿಕೆ ಮಂಡಿಯಲ್ಲಿ ಕೂತು ಕಾಯುವುದು ವ್ಯರ್ಥ. ದಶಕಗಳ ಮನುಷ್ಯ ಅಧ್ಯಯನವನ್ನು ಅಲುಗಿಸಲು ಅಷ್ಟೇ ಗಟ್ಟಿಯಾದ ಮನುಷ್ಯ ಅಧ್ಯಯನ ಬೇಕು. ಹಣ ಮತ್ತೊಂದು ಸುತ್ತು ಟೆಸ್ಟ್ ಟ್ಯೂಬ್ ಅಂಕಗಳಿಗೆ ಖರ್ಚಾದರೆ ಬೆಳೆಗಾರರಿಗೆ ಪತ್ರಿಕಾ ಹೇಳಿಕೆ ಸಿಗುತ್ತದೆ, ಅದಕ್ಕಿಂತ ಹೆಚ್ಚೇನೂ ಸಿಗುವುದಿಲ್ಲ.

ಅಷ್ಟರಲ್ಲಿ ನಿಯಮಗಳು ತಮ್ಮ ದಾರಿಯಲ್ಲಿ ಸಾಗುತ್ತಿವೆ. ಕರ್ನಾಟಕ 2013ರಲ್ಲೇ ಗುಟ್ಕಾ ನಿಷೇಧಿಸಿದೆ; ಆಮೇಲೆ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಅಂಗಡಿ ಮುಂದೆ ನೇತಾಡಿದ್ದನ್ನು ಎಲ್ಲರೂ ಕಂಡಿದ್ದಾರೆ. ಸುಪಾರಿ ಪೊಟ್ಟಣದ ಮೇಲೂ ಆರೋಗ್ಯಕ್ಕೆ ಹಾನಿಕರ ಎಂಬ ಎಚ್ಚರಿಕೆ ಕಡ್ಡಾಯವಾಗಿದೆ. ಮಲೆನಾಡಿನ ಅಡಿಕೆಯ ದೊಡ್ಡ ಗಿರಾಕಿ ಪಾನ್ ಮಸಾಲ ಉದ್ಯಮವೇ ಆಗಿರುವುದರಿಂದ, ಅಲ್ಲಿ ಬಿಗಿಯಾದ ಪ್ರತಿ ನಿಯಮವೂ ‘ರಾಶಿ’ ಎಂಬ ದರ್ಜೆಯ ಕೆಂಪಡಿಕೆಯ ಧಾರಣೆಗೆ ಬಂದು ತಾಗುತ್ತದೆ. ಎಲೆಚುಕ್ಕೆ ರೋಗದಿಂದ ತೋಟವೇ ಕೈಬಿಡುತ್ತಿರುವ ಕಡೆ ಇದು ಎರಡನೆಯ ಪೆಟ್ಟು. 2025ರಲ್ಲಿ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಡಿಕೆ ಹಾಳೆಯ ತಟ್ಟೆಗಳ ಬಗ್ಗೆಯೂ ತಕರಾರು ಎತ್ತಿತು. ಹಾಳೆಯಲ್ಲಿರುವ ಅಲ್ಕಲಾಯ್ಡ್ ಬಡಿಸಿದ ಆಹಾರಕ್ಕೆ ಇಳಿಯಬಹುದು ಎಂಬುದು ಅದರ ಆಕ್ಷೇಪ. ಅಲ್ಲಿ ಆಂಟಿಆಕ್ಸಿಡೆಂಟ್ ಮಾತಿಗೆ ಜಾಗವೇ ಇಲ್ಲ. ಕೇಳುವುದು ಎಷ್ಟು ಅಲ್ಕಲಾಯ್ಡ್ ಇಳಿಯುತ್ತದೆ ಎಂಬ ಒಂದೇ ಅಂಕಿ.

ಅಡಿಕೆ ಚಹಾದಂಥ ಹೊಸ ಉತ್ಪನ್ನಗಳಿಗೂ ಇದೇ ಪ್ರಶ್ನೆ ಎದುರಾಗುತ್ತದೆ. ಅದರಲ್ಲಿ ಸುಣ್ಣವಿಲ್ಲ, ಕೆನ್ನೆಗೆ ಗಂಟೆಗಟ್ಟಲೆ ತಾಗುವುದೂ ಇಲ್ಲ, ಹಾಗಾಗಿ ಜಗಿಯುವ ಅಡಿಕೆಯ ಲೆಕ್ಕವನ್ನು ಅದಕ್ಕೆ ಹಚ್ಚುವುದು ಸರಿಯಲ್ಲ. ಆದರೆ ಅರೆಕೊಲಿನ್ ನೀರಿಗೆ ಸುಲಭವಾಗಿ ಬಿಟ್ಟುಕೊಳ್ಳುವ ವಸ್ತು. ಒಂದು ಲೋಟದಲ್ಲಿ ಎಷ್ಟಿದೆ ಎಂದು ಅಳೆದು ಪೊಟ್ಟಣದ ಮೇಲೆ ಹಾಕುವುದು ‘ಆಂಟಿಆಕ್ಸಿಡೆಂಟ್ ಭರಿತ’ ಎಂದು ಹಾಕುವುದಕ್ಕಿಂತ ಕೊಳ್ಳುವವರಿಗೂ ಮಾರುವವರಿಗೂ ಉಪಯುಕ್ತ. ಚೊಗರಿನ ಬಣ್ಣವನ್ನು ಬಟ್ಟೆಗೆ ಹಾಕುವ ಪ್ರಯತ್ನಗಳಿಗೆ ಈ ಯಾವ ತೊಡಕೂ ಇಲ್ಲ, ಅಲ್ಲಿ ಟ್ಯಾನಿನ್ ಎಷ್ಟು ಹೆಚ್ಚಿದ್ದರೆ ಅಷ್ಟು ಒಳ್ಳೆಯದು.

ಇನ್ನು ಆ ಅಧ್ಯಯನ ನಿಜಕ್ಕೂ ಏನಾದರೂ ಹೊಸದನ್ನು ಹೇಳಬೇಕಿದ್ದರೆ ಅದಕ್ಕೆ ಬೇಕಾದ ಜನ ಇವರು: ಎಂದೂ ತಂಬಾಕು ಮುಟ್ಟದೆ ಕವಳ ಮಾತ್ರ ಹಾಕಿದವರು, ಸುಣ್ಣ ಇಲ್ಲದೆ ಬರೀ ಅಡಿಕೆ ಅಗಿಯುವವರು, ಒಂದನ್ನೂ ಮುಟ್ಟದ ಅದೇ ಊರಿನವರು. ದಿನಕ್ಕೆ ಎಷ್ಟು, ಉಗುಳುತ್ತಾರೋ ನುಂಗುತ್ತಾರೋ, ಕೆಂಪಡಿಕೆಯೋ ಚಾಲಿಯೋ ಎಂಬುದನ್ನು ಬರೆದಿಟ್ಟುಕೊಂಡು, ವರ್ಷಗಟ್ಟಲೆ ಅವರ ಬಾಯಿ ಪರೀಕ್ಷಿಸಬೇಕು. ಇಂಥ ಮನೆಗಳು ದೇಶದಲ್ಲಿ ಬೇರೆಲ್ಲಿ ಸಿಗದಿದ್ದರೂ ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡದ ಹಳ್ಳಿಗಳಲ್ಲಿ ಸಿಗುತ್ತವೆ. ಆದರೆ ಕವಳದ ಬಟ್ಟಲು ಉಳಿದಿರುವುದು ಹೆಚ್ಚಾಗಿ ಅರವತ್ತು ದಾಟಿದವರ ಕೈಯಲ್ಲಿ. ಅವರ ಮಕ್ಕಳ ಜೇಬಿನಲ್ಲಿ ಇರುವುದು ಪೊಟ್ಟಣ. ಬೆಳೆಗಾರರ ಸಂಘಗಳು ಸರ್ಕಾರವನ್ನು ಒತ್ತಾಯಿಸುವುದಿದ್ದರೆ ಈ ಎಣಿಕೆ ಶುರುಮಾಡಿ ಎಂದು ಒತ್ತಾಯಿಸಬಹುದು, ಅದೂ ಈ ತಲೆಮಾರು ಇರುವಾಗಲೇ.